ಕರ್ನಾಟಕಕ್ಕೆ 22 ಕೋಟಿ, ಕೇರಳಕ್ಕೆ 2 ಕೋಟಿಯೂ ಇಲ್ಲ: ಒಂದು ಪ್ರವಾಸಿ ಲೆಕ್ಕದ ಪ್ರಕರಣ

2019ರ ಸರ್ಕಾರಿ ಅಂಕಿಅಂಶದ ಪ್ರಕಾರ ಆ ವರ್ಷ ಕರ್ನಾಟಕಕ್ಕೆ ಬಂದ ದೇಶೀಯ ಪ್ರವಾಸಿಗರು ಸುಮಾರು 22.8 ಕೋಟಿ. ಅದೇ ವರ್ಷ ಕೇರಳಕ್ಕೆ ಬಂದವರು 1.84 ಕೋಟಿ. ನಮ್ಮದು ಅವರಿಗಿಂತ ಹನ್ನೆರಡು ಪಟ್ಟು ಜಾಸ್ತಿ. ಪಕ್ಕದ ಕಾಲಂಗೆ ಬಂದರೆ ಎಲ್ಲ ತಿರುಗುಮುರುಗು. ಕೇರಳಕ್ಕೆ ವಿದೇಶಿಯರು 11.9 ಲಕ್ಷ, ನಮಗೆ ಬರೀ 6.1 ಲಕ್ಷದ ಹತ್ತಿರ.

ಅಕ್ಕಪಕ್ಕದ ರಾಜ್ಯಗಳು. ಅದೇ ಪಶ್ಚಿಮ ಘಟ್ಟ, ಅದೇ ಕಡಲು, ಅದೇ ಮುಂಗಾರು. ಮುನ್ನಾರ್, ಆಲಪ್ಪುಳ, ವಯನಾಡು ಅಂತ ದೇಶವೇ ಅತ್ತ ಓಡುತ್ತದೆ. ಹೊಸದಾಗಿ ಮದುವೆಯಾದ ಅರ್ಧ ಬೆಂಗಳೂರು ಅಲ್ಲೇ ಇರುತ್ತದೆ ಅನ್ನಿಸುತ್ತದೆ. ಅಂಥ ರಾಜ್ಯಕ್ಕೆ ನಮ್ಮ ಹನ್ನೆರಡನೇ ಒಂದು ಪಾಲು ಜನ ಹೋಗುತ್ತಾರೆ ಅಂದರೆ ನಂಬುವ ಮಾತಾ?

ನಾನು ನಂಬುವುದಿಲ್ಲ. ಹಾಗಂತ ಯಾರೋ ಸುಳ್ಳು ಬರೆದಿದ್ದಾರೆ ಅಂತಲೂ ಅಲ್ಲ. ಎರಡೂ ಅಂಕಿ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯೇ ಇರಬಹುದು. ತೊಂದರೆ ಏನೆಂದರೆ, ಒಂದೇ ಕಾಲಂನಲ್ಲಿ ಎರಡು ಬೇರೆ ಬೇರೆ ವಸ್ತುಗಳನ್ನು ಎಣಿಸಿ ಇಟ್ಟಿದ್ದಾರೆ. 2019ನ್ನೇ ಹಿಡಿದುಕೊಂಡದ್ದಕ್ಕೆ ಕಾರಣ ಸರಳ. ಕೋವಿಡ್‌ಗೆ ಮುಂಚಿನ ಕೊನೆಯ ಪೂರ್ತಿ ವರ್ಷ ಅದು.

ಮೊದಲು ದೇಶದ ಪಟ್ಟಿ

2019ರಲ್ಲಿ ದೇಶೀಯ ಪ್ರವಾಸಿ ಭೇಟಿಗಳು ಒಟ್ಟು 232 ಕೋಟಿ. ಉತ್ತರ ಪ್ರದೇಶ ಸುಮಾರು 53.6 ಕೋಟಿ, ತಮಿಳುನಾಡು 49.5 ಕೋಟಿ, ಆಂಧ್ರ 23.7 ಕೋಟಿ, ನಾಲ್ಕನೆಯದು ಕರ್ನಾಟಕ. ಕಾಶಿ, ಪ್ರಯಾಗ, ಮಧುರೆ, ತಿರುಪತಿ, ಧರ್ಮಸ್ಥಳ. ಪಟ್ಟಿಯ ಮೇಲಿನ ನಾಲ್ಕು ಸಾಲು ಓದಿದರೆ ದೇವರ ಹೆಸರು ಓದಿದ ಹಾಗೆ. ಅದರಲ್ಲೂ 2019 ಪ್ರಯಾಗದಲ್ಲಿ ಅರ್ಧಕುಂಭ ನಡೆದ ವರ್ಷ. ಅದನ್ನು ಬಿಟ್ಟು ಉತ್ತರ ಪ್ರದೇಶದ ಅಂಕಿ ನೋಡಬಾರದು.

ಇದನ್ನು ಜನಸಂಖ್ಯೆಯ ಪಕ್ಕ ಇಟ್ಟು ನೋಡಿ. 2011ರ ಜನಗಣತಿಯಲ್ಲಿ ತಮಿಳುನಾಡಿನ ಜನ 7.2 ಕೋಟಿ. ಭೇಟಿಗಳು ಅದರ ಏಳು ಪಟ್ಟಿನ ಹತ್ತಿರ. ಕರ್ನಾಟಕದ 6.1 ಕೋಟಿಗೆ ಹೆಚ್ಚುಕಮ್ಮಿ ನಾಲ್ಕು ಪಟ್ಟು. ಕೇರಳದ 3.3 ಕೋಟಿಗೆ ಅರ್ಧ ಪಟ್ಟು ಅಷ್ಟೇ. ಒಂದೇ ಬಗೆಯ ಎಣಿಕೆಯಲ್ಲಿ ಅಕ್ಕಪಕ್ಕದ ಮೂರು ರಾಜ್ಯಗಳು ಇಷ್ಟೊಂದು ಬೇರೆಯಾಗುವುದು ಕಷ್ಟ.

ಇನ್ನೊಂದು ಪರೀಕ್ಷೆಯೂ ಇದೆ. 22.8 ಕೋಟಿಯನ್ನು 365ರಿಂದ ಭಾಗಿಸಿ. ದಿನಕ್ಕೆ ಆರು ಲಕ್ಷ ಚಿಲ್ಲರೆ. ಆಷಾಢದ ಮಳೆಯ ಮಂಗಳವಾರವೂ ಸೇರಿ, ಪ್ರತಿದಿನ ಆರು ಲಕ್ಷ ಜನ ಹೊಸದಾಗಿ ಎಲ್ಲೋ ರೂಂ ಹಿಡಿಯುತ್ತಾರಾ? ಇಲ್ಲ. ದೇಗುಲದ ಬಾಗಿಲಲ್ಲಿ, ಅರಮನೆಯ ಬಾಗಿಲಲ್ಲಿ, ಮೃಗಾಲಯದ ಬಾಗಿಲಲ್ಲಿ ಆರು ಲಕ್ಷ ಜನ ಕಾಲಿಡುತ್ತಾರಾ ಅಂದರೆ, ಅದು ಆಗುವ ಮಾತೇ.

ರೂಂ ಎಣಿಸುವ ರಾಜ್ಯ, ಬಾಗಿಲು ಎಣಿಸುವ ರಾಜ್ಯ

ಕೇರಳದ ಪ್ರವಾಸೋದ್ಯಮ ಇಲಾಖೆಯ ಲೆಕ್ಕ ಮುಖ್ಯವಾಗಿ ತಂಗುವ ಕಡೆಯಿಂದ ಬರುತ್ತದೆ. ಹೋಟೆಲ್, ಲಾಡ್ಜ್, ರೆಸಾರ್ಟ್ ಇಂಥವು ತಿಂಗಳು ತಿಂಗಳು ಎಷ್ಟು ಜನ ಬಂದರು ಅಂತ ಕೊಡುವ ಅಂಕಿಯೇ ಆಧಾರ. ಇದರ ಗುರುತು ಜಿಲ್ಲಾ ಪಟ್ಟಿಯಲ್ಲೇ ಕಾಣುತ್ತದೆ. ಎರ್ನಾಕುಲಂ ಮೇಲೆ, ಶಬರಿಮಲೆ ಇರುವ ಪತ್ತನಂತಿಟ್ಟ ಕೆಳಗಿನ ಸಾಲಿನಲ್ಲಿ. ಮಂಡಲ ಪೂಜೆ, ಮಕರವಿಳಕ್ಕು ಸಮಯದಲ್ಲಿ ಆ ಜಿಲ್ಲೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಅದು ನಮ್ಮ ಊರಿನ ಯಾವ ಗುರುಸ್ವಾಮಿಯನ್ನು ಕೇಳಿದರೂ ಗೊತ್ತಾಗುತ್ತದೆ. ಆದರೆ ಮಾಲೆ ಹಾಕಿದ ಸ್ವಾಮಿಗಳು ನಿಲಕ್ಕಲ್‌ನಲ್ಲಿ ಗಾಡಿ ನಿಲ್ಲಿಸಿ, ಪಂಪೆಯಲ್ಲಿ ಮಿಂದು, ಬೆಟ್ಟ ಹತ್ತಿ, ವಿರಿಯಲ್ಲಿ (ಭಕ್ತರು ಮಲಗುವ ಚಪ್ಪರ) ಒರಗಿ, ಇಳಿದು ವಾಪಸ್ ಬರುತ್ತಾರೆ. ಹೋಟೆಲ್ ರಿಜಿಸ್ಟರ್‌ನಲ್ಲಿ ಅವರ ಹೆಸರು ಬರುವುದೇ ಇಲ್ಲ.

ನಮ್ಮಲ್ಲಿ ಹಾಗಲ್ಲ. ಕರ್ನಾಟಕದ ಜಿಲ್ಲಾವಾರು ಪಟ್ಟಿಗಳು ಸ್ಥಳಗಳ ಸುತ್ತ ಕಟ್ಟಿದವು. ಚಾಮುಂಡಿ ಬೆಟ್ಟ, ಮೈಸೂರು ಅರಮನೆ, ಧರ್ಮಸ್ಥಳ, ಕುಕ್ಕೆ, ಜೋಗ ಅಂತ ಸ್ಥಳದ ಮುಂದೆ ಜನರ ಸಂಖ್ಯೆ. ಟಿಕೆಟ್ ಇರುವ ಕಡೆ ಟಿಕೆಟ್ ಲೆಕ್ಕ. ಟಿಕೆಟ್ ಇಲ್ಲದ ಕಡೆ ಅಂದಾಜು ಬಿಟ್ಟರೆ ಬೇರೆ ದಾರಿಯಿಲ್ಲ.

ಇದರ ಪರಿಣಾಮ ಹೇಗೆ ಅಂತ ಒಂದು ಮನೆಯವರನ್ನು ಇಟ್ಟುಕೊಂಡು ನೋಡೋಣ. ಬೆಂಗಳೂರಿನ ಐದು ಜನ. ಶುಕ್ರವಾರ ರಾತ್ರಿ ಊಟ ಮಾಡಿ ಟಿಟಿ (ಟೆಂಪೊ ಟ್ರಾವೆಲರ್ ವ್ಯಾನ್) ಹತ್ತುತ್ತಾರೆ. ಬೆಳಗ್ಗೆ ಧರ್ಮಸ್ಥಳ, ನೇತ್ರಾವತಿಯಲ್ಲಿ ಸ್ನಾನ, ಮಂಜುನಾಥನ ದರ್ಶನ, ಅನ್ನಪೂರ್ಣದಲ್ಲಿ ಊಟ. ಸಂಜೆ ಕುಕ್ಕೆ. ರಾತ್ರಿ ಅಲ್ಲೇ ಒಂದು ರೂಂ. ಭಾನುವಾರ ಹೊರನಾಡು, ಶೃಂಗೇರಿ. ರಾತ್ರಿ ಹನ್ನೆರಡಕ್ಕೆ ಮನೆ. ಬಾಗಿಲು ಎಣಿಸುವ ಕ್ರಮದಲ್ಲಿ ನಾಲ್ಕು ಕಡೆ ಐದೈದು, ಒಟ್ಟು 20 ಪ್ರವಾಸಿ ಭೇಟಿ. ರೂಂ ಎಣಿಸುವ ಕ್ರಮದಲ್ಲಿ ಬರೀ 5. ಜನ ಅವರೇ, ವ್ಯಾನ್ ಅದೇ, ಖರ್ಚಾದ ದುಡ್ಡೂ ಅಷ್ಟೇ.

ಅಷ್ಟಕ್ಕೇ ಮುಗಿಯುವುದಿಲ್ಲ. ಸಾಲಿನಲ್ಲಿ ಅವರ ಹಿಂದೆ ನಿಂತವರು ಬೆಳ್ತಂಗಡಿಯವರೇ ಇರಬಹುದು, ಪ್ರತಿ ಸೋಮವಾರ ಬರುವವರೇ ಇರಬಹುದು. ದರ್ಶನದ ಸಾಲಿನಲ್ಲಿ ‘ನೀವು ಎಲ್ಲಿಂದ ಬಂದ್ರಿ’ ಅಂತ ಯಾರೂ ಕೇಳುವುದಿಲ್ಲ. ವಿಶ್ವಸಂಸ್ಥೆಯ ವ್ಯಾಖ್ಯೆ ಪ್ರಕಾರ ಪ್ರವಾಸಿ ಅನ್ನಿಸಿಕೊಳ್ಳಬೇಕಾದರೆ ತನ್ನ ದಿನನಿತ್ಯದ ವಾತಾವರಣ ಬಿಟ್ಟು ಹೊರಗೆ ಕನಿಷ್ಠ ಒಂದು ರಾತ್ರಿ ತಂಗಬೇಕು. ಹಾಗೆ ಹಿಡಿದರೆ ನಮ್ಮ 22.8 ಕೋಟಿಯಲ್ಲಿ ಎಷ್ಟು ಉಳಿಯುತ್ತದೋ, ಅದನ್ನು ಬೇರೆ ಮಾಡಿ ತೆಗೆಯುವ ದಾರಿ ಈ ಪಟ್ಟಿಯಲ್ಲೇ ಇಲ್ಲ.

ಕೇರಳದ ಕ್ರಮವೇ ಶುದ್ಧ ಅಂತಲೂ ಅನ್ನಬೇಡಿ. ಶಬರಿಮಲೆಯನ್ನೇ ಕಾಣದ ಲೆಕ್ಕ ಎಂಥ ಲೆಕ್ಕ? ಆ ಜನರಿಗೂ ಶೌಚಾಲಯ ಬೇಕು, ನೀರು ಬೇಕು, ಬಸ್ ಬೇಕು, ಆಂಬುಲೆನ್ಸ್ ಬೇಕು. ಅಜ್ಜಿ ಮನೆಗೆ ಹೋಗಿ ಹತ್ತು ದಿನ ಇದ್ದು ಬರುವವರಂತೂ ಎರಡೂ ಕಡೆ ನಾಪತ್ತೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು 2014–15ರಲ್ಲಿ ಮನೆ ಮನೆಗೆ ಹೋಗಿ ಪ್ರವಾಸದ ಬಗ್ಗೆ ಕೇಳಿದ್ದರು. ರಾತ್ರಿ ತಂಗುವ ಪ್ರಯಾಣಗಳಲ್ಲಿ ಬಹುಪಾಲು ನೆಂಟರ ಮನೆ, ಮದುವೆ, ಸಾವು, ಹಬ್ಬ ಇಂಥ ಕಾರಣಕ್ಕೇ. ರಜಾ ಮಜಾಕ್ಕೆ ಅಂತ ಹೋಗುವುದು ಅದರ ಮುಂದೆ ಚಿಕ್ಕದು.

ವಿದೇಶಿಯರ ಕಾಲಂ

ಇಲ್ಲಿ ಎಣಿಕೆ ಸ್ವಲ್ಪ ಬಿಗಿ. ವಿದೇಶಿ ಅತಿಥಿ ಬಂದರೆ ಹೋಟೆಲ್‌ನವರು, ಹೋಂಸ್ಟೇಯವರು 24 ಗಂಟೆಯೊಳಗೆ ‘ಸಿ ಫಾರ್ಮ್’ ತುಂಬಿ ವಿದೇಶಿಯರ ನೋಂದಣಿ ಕಚೇರಿಗೆ ಕಳಿಸಬೇಕು. ಪಾಸ್‌ಪೋರ್ಟ್ ನಂಬರ್, ವೀಸಾ ನಂಬರ್, ಎಲ್ಲಿಂದ ಬಂದರು, ಮುಂದೆ ಎಲ್ಲಿಗೆ, ಎಲ್ಲ ಅದರಲ್ಲಿ ಇರುತ್ತದೆ. ಸಣ್ಣ ಗೆಸ್ಟ್‌ಹೌಸ್‌ನವರಿಗೆ ಇದು ದೊಡ್ಡ ತಲೆನೋವು. ಕೆಲವರು ‘ಫಾರಿನರ್ಸ್ ಬೇಡಪ್ಪ’ ಅಂದುಬಿಡುವುದಕ್ಕೂ ಇದೇ ಕಾರಣ.

ಇದರ ಜೊತೆಗೆ ಇನ್ನೊಂದು ಲೆಕ್ಕ ವಿಮಾನ ನಿಲ್ದಾಣ, ಬಂದರು, ಗಡಿ ಚೆಕ್‌ಪೋಸ್ಟ್‌ನಲ್ಲಿ ನಡೆಯುತ್ತದೆ. ಅಲ್ಲಿ ದೇಶದ ಒಳಗೆ ಬಂದವರನ್ನು ಒಂದು ಸಲ ಎಣಿಸುತ್ತಾರೆ. 2019ರಲ್ಲಿ ಹೀಗೆ ಬಂದವರು 1.09 ಕೋಟಿ. ಆದರೆ ಎಲ್ಲ ರಾಜ್ಯಗಳ ವಿದೇಶಿ ಭೇಟಿ ಕೂಡಿಸಿದರೆ 3.14 ಕೋಟಿ. ಒಬ್ಬೊಬ್ಬರು ಸರಾಸರಿ ಮೂರು ರಾಜ್ಯ ಸುತ್ತಿದರು ಅಂತ ಅರ್ಥ ಮಾಡಿಕೊಳ್ಳಬಹುದು. ದೆಹಲಿ, ಆಗ್ರಾ, ಜೈಪುರ ಸುತ್ತಿದರೆ ಮೂರು ರಾಜ್ಯ ತಾನೇ.

ಇದರಲ್ಲೂ ಹುಬ್ಬೇರಿಸುವ ಅಂಕಿ ಇದೆ. 2019ರಲ್ಲಿ ತಮಿಳುನಾಡು 68 ಲಕ್ಷಕ್ಕೂ ಜಾಸ್ತಿ ವಿದೇಶಿ ಭೇಟಿ ತೋರಿಸಿ ಮೊದಲ ಸ್ಥಾನದಲ್ಲಿತ್ತು. ದೇಶಕ್ಕೆ ಬಂದವರೇ 1.09 ಕೋಟಿ. ಹಾಗಾದರೆ ಹತ್ತರಲ್ಲಿ ಆರು ಜನ ತಮಿಳುನಾಡಿಗೆ ಹೋಗಿರಬೇಕು. ತಾಜ್ ಮಹಲ್ ಇರುವ ಉತ್ತರ ಪ್ರದೇಶ 47 ಲಕ್ಷ ತೋರಿಸುವಾಗ? ಮಹಾಬಲಿಪುರ ಚೆಂದ, ಒಪ್ಪಿದೆ. ಆದರೂ ಜಾಸ್ತಿಯಾಯಿತು. 2023ರಲ್ಲಿ ಅದೇ ರಾಜ್ಯದ ಅಂಕಿ 12 ಲಕ್ಷದ ಒಳಗೆ ಬಂದು ನಿಂತಿತು. ಮಹಾರಾಷ್ಟ್ರ, ಗುಜರಾತ್, ಪಶ್ಚಿಮ ಬಂಗಾಳ ಮೇಲಕ್ಕೆ ಬಂದವು.

ಪಶ್ಚಿಮ ಬಂಗಾಳ ಯಾಕೆ ಮೇಲಿದೆ ಅನ್ನುವುದಕ್ಕೆ ಉತ್ತರ ಗಡಿಯಲ್ಲಿದೆ. 2019ರಲ್ಲಿ ಭಾರತಕ್ಕೆ ಅತಿ ಹೆಚ್ಚು ಜನ ಬಂದದ್ದು ಅಮೆರಿಕದಿಂದಲೂ ಅಲ್ಲ, ಇಂಗ್ಲೆಂಡಿನಿಂದಲೂ ಅಲ್ಲ, ಬಾಂಗ್ಲಾದೇಶದಿಂದ. ಸುಮಾರು 25.8 ಲಕ್ಷ. ಪಶ್ಚಿಮ ಬಂಗಾಳದ ಹರಿದಾಸ್‌ಪುರದ ಭೂಗಡಿ ಚೆಕ್‌ಪೋಸ್ಟ್ ಆ ವರ್ಷ ದೆಹಲಿ, ಮುಂಬೈ ವಿಮಾನ ನಿಲ್ದಾಣಗಳ ಸಾಲಿನಲ್ಲೇ ಇತ್ತು. ಇವರಲ್ಲಿ ಎಷ್ಟೋ ಜನ ಚಿಕಿತ್ಸೆಗೆ ಬಂದವರು. ಬೆಂಗಳೂರಿನ ಬೊಮ್ಮಸಂದ್ರದ ಕಡೆ ಹೋದರೆ ಆಸ್ಪತ್ರೆ ಸುತ್ತಮುತ್ತ ಲಾಡ್ಜ್, ಮೆಸ್‌ಗಳ ಮೇಲೆ ಬಂಗಾಳಿ ಬೋರ್ಡ್ ಕಾಣುತ್ತವೆ. ವಿದೇಶಿ ಪ್ರವಾಸಿ ಅಂದ ತಕ್ಷಣ ಬ್ಯಾಕ್‌ಪ್ಯಾಕ್ ಹಾಕಿದ ಬಿಳಿಯರನ್ನೇ ನೆನೆಸಿಕೊಳ್ಳುವ ನಮ್ಮ ಅಭ್ಯಾಸ ಈ ಪಟ್ಟಿಯ ಮುಂದೆ ನಿಲ್ಲುವುದಿಲ್ಲ.

ಕೇರಳಕ್ಕೆ ಯಾಕೆ ಜಾಸ್ತಿ

ಎಣಿಕೆಯ ಗೊಂದಲ ಕಳೆದ ಮೇಲೂ ಉಳಿಯುವ ನಿಜ ಇದು. ವಿದೇಶಿಯರನ್ನು ಕೇರಳ ನಮಗಿಂತ ಚೆನ್ನಾಗಿ ಕರೆದುಕೊಂಡು ಬರುತ್ತದೆ. ಸಾವಿರ ದೇಶೀಯ ಭೇಟಿಗೆ ಎಷ್ಟು ವಿದೇಶಿ ಭೇಟಿ ಅಂತ 2019ರ ಅಂಕಿಯಲ್ಲಿ ನೋಡಿದರೆ ಕರ್ನಾಟಕಕ್ಕೆ 3ಕ್ಕಿಂತ ಕಮ್ಮಿ, ಕೇರಳಕ್ಕೆ 65ರ ಹತ್ತಿರ, ಗೋವಾಕ್ಕೆ 131. ಛೇದವೇ ಸರಿಯಿಲ್ಲದ ಕಾರಣ ಈ ಅನುಪಾತವನ್ನು ಪೂರ್ತಿ ನಂಬಬೇಡಿ. ಆದರೆ 11.9 ಲಕ್ಷಕ್ಕೂ 6.1 ಲಕ್ಷಕ್ಕೂ ಇರುವ ಅಂತರ ಹಾಗೇ ಇರುತ್ತದೆ.

ಒಂದು ಕಾರಣ ವಿಮಾನ. ಆ ಪುಟ್ಟ ರಾಜ್ಯಕ್ಕೆ ನಾಲ್ಕು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ: ತಿರುವನಂತಪುರ, ಕೊಚ್ಚಿ, ಕೋಳಿಕ್ಕೋಡ್, 2018ರ ಕೊನೆಗೆ ಕಣ್ಣೂರು. ಅವು ಬೆಳೆದದ್ದು ಗಲ್ಫ್‌ಗೆ ದುಡಿಯಲು ಹೋದ ಮಲಯಾಳಿಗಳಿಂದ. ಪ್ರವಾಸಿ ಆಮೇಲೆ ಅದೇ ವಿಮಾನ ಹತ್ತಿ ಬಂದ. ಗಲ್ಫ್‌ನ ಅರಬರು ಬಿಸಿಲಿನಿಂದ ತಪ್ಪಿಸಿಕೊಂಡು ಮಳೆ ನೋಡಲು ಬರುವುದೂ, ಮಾಲ್ಡೀವ್ಸ್‌ನವರು ತಿರುವನಂತಪುರಕ್ಕೆ ಆಸ್ಪತ್ರೆಗೆ ಬರುವುದೂ ಇದರಿಂದಲೇ ಸಾಧ್ಯವಾಯಿತು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಯುರೋಪಿನವರು, ಮಳೆಗಾಲದಲ್ಲಿ ಅರಬರು. ನಮ್ಮ ಕಡೆ ಮಳೆಗಾಲದ ವಿದೇಶಿ ಸೀಸನ್ ಅನ್ನುವುದೇ ಇಲ್ಲ.

ಇನ್ನೊಂದು, ಕೊಚ್ಚಿಯಲ್ಲಿ ಇಳಿದರೆ ಆಲಪ್ಪುಳದ ದೋಣಿಮನೆ, ಮುನ್ನಾರಿನ ಟೀ ತೋಟ, ಫೋರ್ಟ್ ಕೊಚ್ಚಿ ಎಲ್ಲ ಕಾರಿನಲ್ಲಿ ಕೆಲವೇ ಗಂಟೆ. ಬೆಂಗಳೂರಿನಲ್ಲಿ ಇಳಿದವನಿಗೆ ಹಂಪಿ ಸುಮಾರು 350 ಕಿಲೋಮೀಟರ್. ಬೆಂಗಳೂರಿಗೆ ವಿಮಾನದಲ್ಲಿ ಬರುವವರೇನೂ ಕಮ್ಮಿಯಿಲ್ಲ, ದೇಶದ ದೊಡ್ಡ ಅಂತರರಾಷ್ಟ್ರೀಯ ಬಾಗಿಲುಗಳಲ್ಲಿ ಅದೂ ಒಂದು. ಆದರೆ ಅವರಲ್ಲಿ ಮೀಟಿಂಗ್‌ಗೆ ಬಂದು ಹೊರವರ್ತುಲ ರಸ್ತೆಯ ಹೋಟೆಲ್‌ನಲ್ಲಿ ಮೂರು ರಾತ್ರಿ ಮಲಗಿ, ನಾಲ್ಕನೇ ದಿನ ವಾಪಸ್ ಹೋಗುವವರು ಬಹಳ.

ಹಂಪಿ ಮತ್ತು ಗೋಕುಲಂ

ನಮ್ಮ 6 ಲಕ್ಷದ ಒಳಗೆ ಏನಿದೆ ಅಂತ ಹತ್ತಿರದಿಂದ ನೋಡಲು ಎರಡು ಜಾಗ ಸಾಕು.

ಹಂಪಿಗೆ ವಿದೇಶಿಯರು ಬರುತ್ತಿದ್ದ ಹಳೆಯ ದಾರಿ ಬೆಂಗಳೂರಿನದಲ್ಲ, ಗೋವಾದ್ದು. ವಾಸ್ಕೋದಿಂದ ಹೌರಾಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಹೊಸಪೇಟೆಯಲ್ಲಿ ನಿಲ್ಲುತ್ತದೆ. ರಾತ್ರಿ ಸ್ಲೀಪರ್ ಬಸ್‌ಗಳೂ ಇದ್ದವು. ಕಡಲು ಸಾಕಾದವರು ಕಲ್ಲು ನೋಡಲು ಬರುತ್ತಿದ್ದರು. ತುಂಗಭದ್ರೆಯ ಆಚೆ ವಿರೂಪಾಪುರ ಗಡ್ಡೆಯಲ್ಲಿ ಅವರಿಗೆಂದೇ ಜೋಪಡಿ, ಕೆಫೆ, ಬಾಡಿಗೆ ಮೊಪೆಡ್. ಹಾಗಾಗಿ ಹಂಪಿಯ ಗೆಸ್ಟ್‌ಹೌಸ್ ತುಂಬುತ್ತದೋ ಇಲ್ಲವೋ ಅನ್ನುವುದು ಎಷ್ಟೋ ಮಟ್ಟಿಗೆ ಗೋವಾಕ್ಕೆ ಎಷ್ಟು ಚಾರ್ಟರ್ ವಿಮಾನ ಇಳಿದವು ಅನ್ನುವುದರ ಮೇಲೆ ನಿಂತಿತ್ತು.

2019ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಥಾಮಸ್ ಕುಕ್ ಪ್ರವಾಸ ಕಂಪನಿ ಮುಳುಗಿತು. ಗೋವಾಕ್ಕೆ ಬ್ರಿಟಿಷರನ್ನು ತರುತ್ತಿದ್ದ ಚಾರ್ಟರ್‌ಗಳಿಗೆ ಅದು ದೊಡ್ಡ ಪೆಟ್ಟು. 2020ರ ಫೆಬ್ರವರಿಯಲ್ಲಿ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳ ವಿರುದ್ಧ ಸುಪ್ರೀಂ ಕೋರ್ಟ್ ತೀರ್ಪು ಬಂತು. ಮಾರ್ಚ್‌ನಲ್ಲಿ ಅವನ್ನು ಕೆಡವಿದರು. ಅದೇ ತಿಂಗಳು ಕೊರೊನಾ ಬಂತು. ಮೂರೂ ಒಂದರ ಮೇಲೊಂದು. ಗೋವಾಕ್ಕೆ 2019ರಲ್ಲಿ 9.4 ಲಕ್ಷ ವಿದೇಶಿಯರು ಬಂದಿದ್ದರೆ 2023ರಲ್ಲಿ ಬಂದವರು 4.5 ಲಕ್ಷ. ದೇಶೀಯರು ಮಾತ್ರ 71 ಲಕ್ಷದಿಂದ 81 ಲಕ್ಷ ದಾಟಿದರು. ಹಂಪಿಯಲ್ಲೂ ಹಾಗೇ. ಈಗ ಶನಿವಾರ ಭಾನುವಾರ ನಮ್ಮವರದೇ ಜಾತ್ರೆ, ವಾರದ ಮಧ್ಯೆ ಬಿಕೋ.

ಹಂಪಿಯಲ್ಲಿ ಒಂದು ಒಳ್ಳೆಯ ಅನುಕೂಲ ಇದೆ. ವಿಜಯ ವಿಠ್ಠಲ ದೇವಸ್ಥಾನದ ಟಿಕೆಟ್ ಕೌಂಟರ್. ಪುರಾತತ್ವ ಇಲಾಖೆ 2018ರಲ್ಲಿ ದರ ಏರಿಸಿದ ಮೇಲೆ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600. ಅದೇ ಟಿಕೆಟ್‌ನಲ್ಲಿ ಅದೇ ದಿನ ಕಮಲ ಮಹಲಿನ ಆವರಣವನ್ನೂ ನೋಡಬಹುದು, ಹಾಗಾಗಿ ಒಬ್ಬನನ್ನು ಎರಡು ಸಲ ಎಣಿಸುವ ಪ್ರಶ್ನೆ ಇಲ್ಲ. ನನಗೆ ಕೇಳಿದರೆ ರಾಜ್ಯದ ಅಷ್ಟೂ ಅಂಕಿಗಳಲ್ಲಿ ನೆಚ್ಚಿಕೊಳ್ಳಬಹುದಾದದ್ದು ಇದೇ. ಆದರೂ ತೂತು ಇದ್ದೇ ಇದೆ. 15 ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಸುಮ್ನೆ ವಿರೂಪಾಕ್ಷನ ದರ್ಶನ ಮಾಡಿ ಹೋಗುವ ಭಕ್ತರು ಈ ಲೆಕ್ಕಕ್ಕೆ ಸಿಗುವುದಿಲ್ಲ. ಸಾರ್ಕ್ ಮತ್ತು ಬಿಮ್‌ಸ್ಟೆಕ್ ಅನ್ನುವ ನೆರೆದೇಶಗಳ ಕೂಟಗಳಿಗೆ ಸೇರಿದವರಿಗೂ 40 ರೂಪಾಯಿಯೇ, ಹಾಗಾಗಿ ಢಾಕಾದಿಂದ ಬಂದವರು ದಾವಣಗೆರೆಯವರ ಜೊತೆ ಒಂದೇ ದರದಲ್ಲಿ ಒಳಗೆ ಹೋಗುತ್ತಾರೆ.

ಮೈಸೂರಿನ ಗೋಕುಲಂ ಇದಕ್ಕೆ ಪೂರ್ತಿ ಉಲ್ಟಾ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಕಲಿಯಲು ಬರುವವರು ಅಲ್ಲಿ ತಿಂಗಳುಗಟ್ಟಲೆ ಇರುತ್ತಾರೆ. ಮನೆ ಬಾಡಿಗೆಗೆ ಹಿಡಿಯುತ್ತಾರೆ, ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ, ಬೆಳಗಿನ ಜಾವದ ಅಭ್ಯಾಸ ಮುಗಿಸಿ ಎಳನೀರು ಗಾಡಿಯ ಮುಂದೆ ನಿಂತಿರುತ್ತಾರೆ. ಮೂರು ತಿಂಗಳು ಇದ್ದರೂ ಲೆಕ್ಕದಲ್ಲಿ ಒಂದೇ ಭೇಟಿ. ಆ ಐದು ಜನರ ಟಿಟಿ ಎರಡು ದಿನದಲ್ಲಿ 20 ಆಗಿತ್ತು ನೋಡಿ. ಮೈಸೂರಿನ ಮನೆ ಮಾಲೀಕರಿಗೆ ಯಾವ ಅಂಕಿ ಮುಖ್ಯ ಅಂತ ಬೇರೆ ಹೇಳಬೇಕಿಲ್ಲ.

ನಮ್ಮದೇ ಇನ್ನೊಂದು ಗುಂಪು ಅಮೆರಿಕದ ಕನ್ನಡಿಗರು. ಅಮೆರಿಕದ ಪಾಸ್‌ಪೋರ್ಟ್ ಇರುವ ಮಗ ಡಿಸೆಂಬರ್‌ನಲ್ಲಿ ದೇವನಹಳ್ಳಿಯಲ್ಲಿ ಇಳಿದರೆ ಅಲ್ಲಿನ ಲೆಕ್ಕದಲ್ಲಿ ವಿದೇಶಿ ಪ್ರವಾಸಿ. ಜಯನಗರದ ಅಮ್ಮನ ಮನೆಯಲ್ಲಿ ಮಲಗಿದರೆ ಹೋಟೆಲ್ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಪಕ್ಕದ ಸೀಟಿನಲ್ಲೇ ಬಂದ ತಮ್ಮನ ಬಳಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದರೆ ಅವನು ವಿದೇಶಿಯೂ ಅಲ್ಲ. ಈ ತಮ್ಮನಂಥ ಅನಿವಾಸಿ ಭಾರತೀಯರನ್ನೂ ಸೇರಿಸಿದರೆ 2019ರ 1.09 ಕೋಟಿ 1.79 ಕೋಟಿ ಆಗುತ್ತದೆ.

2023ರ ಜಿಗಿತ

2022ರಲ್ಲಿ ಕರ್ನಾಟಕದ ದೇಶೀಯ ಭೇಟಿ 18.2 ಕೋಟಿ. 2023ರಲ್ಲಿ 28.4 ಕೋಟಿ. ಒಂದೇ ವರ್ಷದಲ್ಲಿ ಹತ್ತು ಕೋಟಿ ಜಾಸ್ತಿ. ತಮಿಳುನಾಡಿನ 28.6 ಕೋಟಿಯ ಪಕ್ಕಕ್ಕೇ ಬಂದು ನಿಂತೆವು.

ಕೋವಿಡ್ ಪೂರ್ತಿ ಕಳೆದದ್ದು ಒಂದು ಕಾರಣ. ಇನ್ನೊಂದು ಎಲ್ಲರ ಕಣ್ಣಿಗೂ ಬಿದ್ದದ್ದು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು, ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್‌ಗಳಲ್ಲಿ ಉಚಿತ ಪ್ರಯಾಣ. ಆ ಜೂನ್, ಜುಲೈನಲ್ಲಿ ಧರ್ಮಸ್ಥಳದ ಬಸ್ ಹತ್ತಲು ಹೋದವರಿಗೆ ಗೊತ್ತು. ಸೀಟಿರಲಿ, ಫುಟ್‌ಬೋರ್ಡ್ ಸಿಕ್ಕರೆ ಪುಣ್ಯ. ಹರಕೆ ಹೊತ್ತು ವರ್ಷಗಟ್ಟಲೆ ಕಾದಿದ್ದ ಹೆಂಗಸರು ನೆರೆಹೊರೆಯವರನ್ನು ಕಟ್ಟಿಕೊಂಡು ಹೊರಟರು. ಈ ಹತ್ತು ಕೋಟಿಯಲ್ಲಿ ಶಕ್ತಿಯ ಪಾಲು ಇಂತಿಷ್ಟೇ ಅಂತ ಬಿಡಿಸಿ ಹೇಳಲು ಬರುವುದಿಲ್ಲ. ಆದರೆ ಬಾಗಿಲು ಎಣಿಸುವ ಪಟ್ಟಿ ಇಂಥ ಬದಲಾವಣೆಯನ್ನು ತಕ್ಷಣ ತೋರಿಸುತ್ತದೆ. ಬರೀ ರೂಂ ಎಣಿಸಿದ್ದರೆ ಈ ಹೆಂಗಸರಲ್ಲಿ ಬಹುಪಾಲು ಜನ ಕಾಣುತ್ತಲೇ ಇರಲಿಲ್ಲ. ನಮ್ಮ ಕ್ರಮಕ್ಕೆ ನಾನು ಕೊಡುವ ಪೂರ್ತಿ ಮಾರ್ಕ್ಸ್ ಇದೊಂದಕ್ಕೆ.

ಅದೇ ವರ್ಷ ಕೇರಳದ ದೇಶೀಯರು 2.18 ಕೋಟಿ ಆಗಿ ಹಳೆಯ ದಾಖಲೆ ಮುರಿದರು, ವಿದೇಶಿಯರು 6.5 ಲಕ್ಷದಲ್ಲೇ ಉಳಿದರು. ಕೇರಳಕ್ಕೆ ಹೊರರಾಜ್ಯಗಳಿಂದ ಹೋಗುವವರಲ್ಲಿ ನಾವೂ ತಮಿಳರೂ ಮುಂದು. ಶುಕ್ರವಾರ ಸಂಜೆ ಗುಂಡ್ಲುಪೇಟೆ ದಾಟುವ ಕೆಎ ನಂಬರಿನ ಕಾರುಗಳು, ರಾತ್ರಿ ಒಂಬತ್ತಕ್ಕೆ ಬಂಡೀಪುರದ ಗೇಟು ಮುಚ್ಚುವ ಮೊದಲು ಆ ಕಡೆ ಸೇರಿಕೊಳ್ಳಬೇಕು ಅಂತ ಓಡುವುದು ವಯನಾಡಿನ ರೂಂಗಳಿಗೆ.

ಏನು ಮಾಡಬಹುದಿತ್ತು

ಬಜೆಟ್ ಮಂಡಿಸುವಾಗ ‘ಇಷ್ಟು ಕೋಟಿ ಪ್ರವಾಸಿಗರು’ ಅನ್ನುವ ಸಾಲು ಕೇಳಲು ಚೆಂದ. ಆದರೆ ಕುಕ್ಕೆಗೆ ಬೇಕಿರುವುದು ಬಸ್ ನಿಲ್ದಾಣ, ಶೌಚಾಲಯ, ಕುಮಾರಧಾರಾ ಸ್ನಾನಘಟ್ಟದ ಕಾವಲು. ಹಂಪಿಗೆ ಬೇಕಿರುವುದು ವಾರದ ಮಧ್ಯೆ ತುಂಬುವ ರೂಂ. ಇವೆರಡನ್ನೂ ಒಂದೇ ಅಂಕಿ ಇಟ್ಟುಕೊಂಡು ಯೋಚಿಸಲಾಗದು.

ಬೇಕಾದ ಮಾಹಿತಿ ಚೂರು ಚೂರಾಗಿ ಈಗಾಗಲೇ ಬೇರೆ ಬೇರೆ ಕಡೆ ಇದೆ. ಸಿ ಫಾರ್ಮ್‌ಗಳಲ್ಲಿ ವಿದೇಶಿಯರ ಹೆಜ್ಜೆ, ಪುರಾತತ್ವ ಇಲಾಖೆಯಲ್ಲಿ ಟಿಕೆಟ್, ದೇವಸ್ಥಾನಗಳಲ್ಲಿ ಸೇವಾ ರಸೀದಿ ಮತ್ತು ವಸತಿ ಬುಕಿಂಗ್, ಸಾರಿಗೆ ನಿಗಮಗಳಲ್ಲಿ ಊರೂರಿನ ಟಿಕೆಟ್ ಯಂತ್ರದ ಲೆಕ್ಕ. ಜಿಲ್ಲಾ ಪಟ್ಟಿಯಲ್ಲಿ ಮೂರು ಕಾಲಂ ಮಾಡಿದರೆ ಸಾಕು: ಸ್ಥಳಕ್ಕೆ ಬಂದವರು, ರಾತ್ರಿ ತಂಗಿದವರು, ಎಷ್ಟು ರಾತ್ರಿ ತಂಗಿದರು. ಆಗ ದಕ್ಷಿಣ ಕನ್ನಡ ಮೊದಲ ಕಾಲಂನಲ್ಲಿ ಮುಂದೆ ಬರುತ್ತದೆ, ಕೊಡಗು ಎರಡನೆಯದರಲ್ಲಿ, ಮೂರನೆಯದರಲ್ಲಿ ವಿದೇಶಿಯರ ಮಟ್ಟಿಗೆ ಮೈಸೂರು ಎಲ್ಲರನ್ನೂ ಹಿಂದೆ ಹಾಕಬಹುದು ಅಂತ ನನ್ನ ಊಹೆ.